ಹಸಿರು ದೀಪ ಆರಿದಾಗ

ಗಾಂಧಿ ಚೌಕದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟ ನಿಜಾಮುದ್ದೀನನಿಗೆ ತನ್ನ ಕಿವಿಯ ಬಗ್ಗೆ ಭಾರೀ ಜಂಬ. ಮೀಟರು ಸುಳ್ಳು ಹೇಳಬಹುದು, ಕಿವಿ ಹೇಳುವುದಿಲ್ಲ ಎನ್ನುತ್ತಿದ್ದ. ಟಿಕೋಟಾದ ಒಣದ್ರಾಕ್ಷಿ ಶೆಡ್ಡಿನಿಂದ ಅರುಣಕುಮಾರ ಫೋನು ಮಾಡಿ, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಡಬ್ಬಿ ಬೆಳಗಿನಿಂದ ಎಚ್ಚರಿಕೆ ತೋರಿಸುತ್ತಿದೆ ಎಂದಾಗ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ. ಅರುಣಕುಮಾರನ ಅಪ್ಪ ಬಸಗೊಂಡಪ್ಪ ಇವನ ಜೀವದ ಗೆಳೆಯ. ಅವನು ತೀರಿಕೊಂಡ ಮೂರು ವರ್ಷದಿಂದ ಆ ಶೆಡ್ಡಿಗೆ ಕಾಲಿಡಲು ಮನಸ್ಸಾಗಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಒಣದ್ರಾಕ್ಷಿಯ ಕಡ್ಡಿ ಕಸ ಹೆಕ್ಕಲು ಮೋಟಾರಿನ ಮೇಲೆ ಓಡುವ ಪಟ್ಟಿಯನ್ನು ಬಬಲೇಶ್ವರದಿಂದ ಟ್ರ್ಯಾಕ್ಟರಿಗೆ ಹೇರಿಕೊಂಡು, ಅದರ ಮೇಲೆಯೇ ಕೂತು ಶೇಂಗಾ ತಿನ್ನುತ್ತ ತಂದವರು ಇವರಿಬ್ಬರೇ. ಪಟ್ಟಿಯ ವೇಗ ಏರಿಸಿ ಇಳಿಸಲು ಡ್ರೈವ್ ಕೂರಿಸಿದವನು ನಿಜಾಮುದ್ದೀನ. ಪಟ್ಟಿ ಪೂರ್ತಿ ವೇಗಕ್ಕೆ ಬಂದರೆ ಡಬ್ಬಿಯೊಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚು ಟಿಕ್ ಎಂದು ಗೋಡೆಯ ಹಸಿರು ದೀಪ ಹತ್ತಿಸುತ್ತಿತ್ತು. ವೇಗ ಇಳಿದರೆ ದೀಪ ಆರುತ್ತಿತ್ತು.

ಈಗ ಎಚ್ಚರಿಕೆ ಆ ರಿಲೇಯದೇ. ತಿರುಪು ಬಿಗಿ ಮಾಡಿದ, ಧೂಳು ಊದಿದ, ತಂತಿ ಎಳೆದು ನೋಡಿದ. ಎಲ್ಲ ಸರಿಯಿತ್ತು. ಕೊನೆಗೆ ಗುಂಡಿ ಒತ್ತಿ ಡಬ್ಬಿಯ ಪರದೆಯನ್ನೇ ಕೇಳಿದರೆ, ರಿಲೇ ತೊಂಬತ್ತಾರು ಸಾವಿರ ಸಲ ಕೂಡಿ ಬೇರೆಯಾಗಿದೆ ಎಂದಿತು. ಲಕ್ಷಕ್ಕೆ ಅದರ ಆಯುಷ್ಯ ಮುಗಿದ ಹಾಗೆ. ದಿನಕ್ಕೆ ನಾಲ್ಕು ಸಲ ಚಾಲೂ ಆಗುವ ಪಟ್ಟಿಗೆ ಇದು ಹೇಗೆ ಸಾಧ್ಯ ಎಂದು ಅರುಣಕುಮಾರ ಹುಬ್ಬೇರಿಸಿದ.

ನಿಜಾಮುದ್ದೀನ ಡಬ್ಬಿಗೆ ಕಿವಿಗೊಟ್ಟು ಕೂತ. ಐದಾರು ನಿಮಿಷಕ್ಕೊಮ್ಮೆ ಟಿಕ್. ಪ್ರತಿ ಸಲವೂ ಪಟ್ಟಿಯ ಬಳಿ ಕಸ ಆರಿಸುತ್ತ ಕೂತ ಘೋಣಸಗಿಯ ಮುದುಕಿ ಮುರಿಗೆವ್ವನ ಕೈ ಪಕ್ಕದ ವೇಗದ ಗುಂಡಿಯ ಮೇಲಿರುತ್ತಿತ್ತು. ದ್ರಾಕ್ಷಿ ದಟ್ಟವಾಗಿ ಬಂದರೆ ಪಟ್ಟಿ ನಿಧಾನ ಮಾಡಿ, ಕಡ್ಡಿ ಕಸ ಆರಿಸಿ ಮತ್ತೆ ಏರಿಸುತ್ತಿದ್ದಳು.

ಅರುಣಕುಮಾರನೂ ಅದನ್ನು ಕಂಡ. "ಆ ಗುಂಡಿ ತಗದ ಬಿಡ್ರಿ ಚಾಚಾ. ಪಟ್ಟಿ ಒಂದ ವೇಗದಾಗ ಓಡ್ಲಿ. ಆಗದವರು ಮನ್ಯಾಗ ಕುಂದರ್ಲಿ" ಎಂದ.

ಮುರಿಗೆವ್ವ ಗುಂಡಿಯ ಮೇಲಿನ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

ನಿಜಾಮುದ್ದೀನ ಅವಳ ಕೈ ನೋಡಿದ. ಆ ಗುಂಡಿಯನ್ನು ಅಲ್ಲಿ ಕೂರಿಸಿದವನೂ ತಾನೇ, ಮರೆತು ಕೂತವನೂ ತಾನೇ. ದೀಪ ಆಫೀಸಿನಲ್ಲಿನ ತನ್ನ ಕುರ್ಚಿಗೆ ಕಾಣುವಂತೆಯೇ ಇರಬೇಕೆಂದು ಬಸಗೊಂಡಪ್ಪ ಅಂದು ಹಟ ಹಿಡಿದಿದ್ದ. "ದೀಪ ಆರಿ ಲಗೂ ಹತ್ತಲಿಲ್ಲಂದ್ರ ಮುರಿಗೆವ್ವಗ ದಣಿವಾಗ್ಯಾದ ಅಂತ ತಿಳೀತದ, ನಿಜಾಮ. ನಾನ ಚಾ ಒಯ್ದ ಕೊಡ್ತೀನಿ" ಎಂದಿದ್ದ. ಆ ದನಿ ಇಲ್ಲೇ ಎಲ್ಲೋ ಕೇಳಿದಂತಾಗಿ ಕಣ್ಣು ತುಂಬಿತು.

ಅಷ್ಟನ್ನೂ ಅರುಣಕುಮಾರನಿಗೆ ಹೇಳಿದ. ಹೇಳುತ್ತಲೇ ದೀಪದ ತಂತಿಯನ್ನು ಡಬ್ಬಿಯಲ್ಲಿ ಸುಮ್ಮನೆ ಬಿದ್ದಿದ್ದ ಎರಡನೆಯ ರಿಲೇಗೆ ಬದಲಾಯಿಸಿದ. ಗುಂಡಿಯನ್ನು ಮಾತ್ರ ಮುಟ್ಟಲಿಲ್ಲ. ಅರುಣಕುಮಾರ ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತ.

ಪಟ್ಟಿ ಹೊರಟಿತು, ದೀಪ ಹತ್ತಿತು. ಅರ್ಧ ತಾಸಿನ ಮೇಲೆ ಮುರಿಗೆವ್ವ ಅಂಜುತ್ತ ಗುಂಡಿ ತಿರುಗಿಸಿದಳು. ದೀಪ ಆರಿತು, ಬೇಗ ಹತ್ತಲಿಲ್ಲ. ಅವಳ ಕಣ್ಣು ಹಳೆಯ ಅಭ್ಯಾಸದಂತೆ ಆಫೀಸಿನ ಬಾಗಿಲಿಗೆ ಹೋಯಿತು.

ಅರುಣಕುಮಾರ ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದು ಬಂದು ಅವಳ ಮುಂದೆ ನಿಂತ.

"ನಿಮ್ಮಪ್ಪ ಇಷ್ಟ ತಡಾ ಮಾಡ್ತಿದ್ದಿಲ್ಲ ತಮ್ಮಾ" ಎಂದು ಮುರಿಗೆವ್ವ ಲೋಟ ಇಸಿದುಕೊಂಡಳು.