ವಿಮಾನಕ್ಕೆ ಯಾವ ಕಟೌಟ್

ಟಿಪ್ಪರ್ ಹೋಯಿತು, ಮೇಜಿನ ಮೇಲಿನ ಸ್ಕ್ರೂಗಳೆಲ್ಲ ಕುಣಿದವು, ಇನ್ನೊಂದು ಬರುತ್ತಿದೆ, ಸಂಡೂರಿನ ಗುಡ್ಡವೆಲ್ಲ ಈ ಹೊಸಪೇಟೆ ರಸ್ತೆಯ ಮೇಲೇ ಹೋಗುತ್ತಿದೆ, ಹೋಗಲಿ, ನಾನು ನೋಡಬೇಕಾದ್ದು ಈ ಎರಡು ಕಟೌಟ್ — ಬ್ಯಾಟರಿಗೆ ಕರೆಂಟ್ ಮಿತಿಮೀರಿ ನುಗ್ಗದಂತೆ ತಡೆಯುವುದಷ್ಟೇ ಇವುಗಳ ಕೆಲಸ, ಆದರೆ ನಾಳೆ ಬೆಳಿಗ್ಗೆ ಎಮ್ಮಿಗನೂರಿನ ಬಯಲಿನಿಂದ ಎರಡು ಜೀವ ಇದರಲ್ಲೊಂದನ್ನು ನಂಬಿ ಮೇಲೇಳಬೇಕು. ಕಂಪ್ಲಿಯ ರೈಸ್‌ಮಿಲ್ಲಿನ ಈಶ್ವರ್, ಹಾರುವುದನ್ನು ಜಕ್ಕೂರಿನಲ್ಲಿ ಕಲಿತು ಬಂದವನು, ಎರಡು ವರ್ಷದಿಂದ ನನ್ನ ಶೆಡ್ಡಿನಲ್ಲೇ ವಿಮಾನ ಕಟ್ಟಿದ, ಕಾರಿನ ಎಂಜಿನ್, ಅಲ್ಯೂಮಿನಿಯಂ ಪೈಪು, ಹೋದ ವಾರ ಒಬ್ಬನೇ ಹಾರಿಸಿ ಇಳಿದಾಗ ಹಳೆಯ ಕಟೌಟ್ ಸುಟ್ಟುಹೋಗಿತ್ತು. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಹೊಟ್ಟೆಯೊಳಗೆ ಕೂರುವುದು ಒಂದು, ಧೂಳು ತಾಗದು, ಆದರೆ ಮೇಲೆ ಹಾರುವಾಗ ಕೆಟ್ಟರೆ ಆರಿಸಲಾಗದು. ಹೊರಗೆ ಕೂರಿಸುವುದು ಇನ್ನೊಂದು, ಈಶ್ವರನ ಕೈಗೆ ಸ್ವಿಚ್ ಕೊಡಬಹುದು, ಆದರೆ ಅರ್ತಿಂಗಿಗೆ ಅದಿರಿನ ಧೂಳು ಹಿಡಿದರೆ ಬ್ಯಾಟರಿ ಖಾಲಿಯೆಂದು ತಪ್ಪು ತಿಳಿದು ತುಂಬುತ್ತಲೇ ಹೋಗುತ್ತದೆ, ಯಾವುದಪ್ಪಾ, ಯಾವುದು, ಹಿಂದಿನ ಸೀಟಿನಲ್ಲಿ ಕೂರುವವನು ಜಡೆಪ್ಪ, ಕಣ್ಣು ಹೋದ ನನ್ನ ಗೆಳೆಯ ಜಡೆಪ್ಪ, ಇಲ್ಲೇ ಬೆಂಚಿನ ಮೇಲೆ ಕೂತಿದ್ದಾನೆ. ಲೇ ಭೂಷಣ, ನನಗ ಕಾಣಂಗಿಲ್ಲ ಖರೆ, ಗಾಳಿ ಅಂತೂ ಬಡಿತೈತಲ್ಲ, ನೀ ಯಾವುದು ಹಾಕಿದ್ರೂ ನಾ ಕುಂದ್ರತೀನಿ. ನಾನು ಯಾವುದು ಹಾಕಿದರೂ!

ಮೂರು ವರ್ಷದ ಹಿಂದೆ ಅವನ ಟಿಪ್ಪರಿನ ಕಟೌಟ್ ಕೆಟ್ಟಿತ್ತು, ಬೇರೆ ಸಿಗಲಿಲ್ಲ, ಗಣಿಯ ಕ್ಯೂ ತಪ್ಪಿದರೆ ಲೋಡಿಲ್ಲ, ಆಗ ಎಲ್ಲ ಲಾರಿಗೂ ಮಾಡುತ್ತಿದ್ದುದನ್ನೇ ಮಾಡಿದೆ, ಕಟೌಟೇ ಇಲ್ಲದೆ ಒಂದು ವಯರ್ ತಿರುಚಿ ಆಲ್ಟರ್ನೇಟರಿಗೆ ಡೈರೆಕ್ಟ್ ಕೊಟ್ಟೆ, ಹಳೇದೊಂದು ಕಟೌಟ್ ಹಾಕೀನಿ ಹೋಗು ಎಂದೆ — ಡೈರೆಕ್ಟ್ ಐತೆ, ಹೆಡ್‌ಲೈಟ್ ಹಾಕ್ಕೊಂಡೇ ಓಡ್ಸು, ಹೆಚ್ಚಿನ ಕರೆಂಟ್ ಅದು ತಿಂತೈತೆ, ಇಳಿಸಿ ಬಂದಕೂಡಲೇ ಬಿಚ್ಚಾಣ, ಇಷ್ಟು ಹೇಳಿದ್ದರೆ ಸಾಕಿತ್ತು, ಹಿಂದೆ ಇನ್ನೊಂದು ಲಾರಿ ಹಾರ್ನ್ ಹೊಡೆಯಿತು, ಹೇಳಲಿಲ್ಲ. ಕುರೆಕುಪ್ಪದ ಹತ್ತಿರ ವಾಸನೆ ಬಂತೆಂದು ಇಳಿದು ಬಾಗಿ ನೋಡಿದ, ಬ್ಯಾಟರಿ ಸಿಡಿಯಿತು, ಆಸಿಡ್ ಎಲ್ಲ ಮುಖಕ್ಕೆ. ಲಾರಿಯನ್ನು ಎಳೆದು ತಂದಾಗ ಆ ವಯರನ್ನು ಬಿಚ್ಚಿ ಬಿಸಾಡಿದವನೂ ನಾನೇ, ಎಂಥ ನೀಚ ನಾನು. ಆ ಬ್ಯಾಟ್ರಿ ಮಾರಿದವನ ಮನಿ ಹಾಳಾಗ್ಲಿ, ಜಡೆಪ್ಪನ ಹೆಂಡತಿ ಗಂಗಾಂಬಿಕಾ ನನ್ನ ಕೈಗೆ ಚಹಾ ಕೊಡುತ್ತ ಶಪಿಸುತ್ತಾಳೆ, ನಾನು ಕುಡಿಯುತ್ತೇನೆ, ಸಕ್ಕರೆ ಸರಿ ಐತೇನು ಅಣ್ಣ, ಸರಿ ಐತವ್ವ. ಹೊರಗೆ ಕೂರುವುದನ್ನೇ ಹಾಕುತ್ತೇನೆ, ಸ್ವಿಚ್ ಇರಲಿ, ಅರ್ತಿಂಗನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡುತ್ತೇನೆ, ಈ ಸಲ ಎಲ್ಲ ಹೇಳುತ್ತೇನೆ — ಜಡೆಪ್ಪ ಎದ್ದು ವಿಮಾನದ ಎಂಜಿನ್ ತಡವುತ್ತಿದ್ದಾನೆ, ಬೆಲ್ಟು, ಪುಲ್ಲಿ, ಆಲ್ಟರ್ನೇಟರ್, ಅಯ್ಯೋ, ಇವತ್ತು ಬೆಳಿಗ್ಗೆ ಟೆಸ್ಟಿಗೆ ಸ್ಟಾರ್ಟ್ ಮಾಡಿದಾಗ ಚಾರ್ಜಿಂಗ್ ಲೈಟ್ ಆರಲಿಲ್ಲ, ಬ್ಯಾಟರಿ ತುಂಬುತ್ತಿರಲಿಲ್ಲ, ಈ ಹಾಳು ಕೈ ನನ್ನನ್ನು ಕೇಳಲೇ ಇಲ್ಲ, ವಯರ್ ತಿರುಚಿ ಡೈರೆಕ್ಟ್ ಕೊಟ್ಟಿತು, ಬಿಚ್ಚಿಲ್ಲ, ಇನ್ನೂ ಬಿಚ್ಚಿಲ್ಲ, ಅವನ ಬೆರಳು ಅಲ್ಲಿಗೆ ಹೋಯಿತು, ವಯರಿನ ಗುಂಟ ಸರಿಯಿತು, ಮತ್ತೆ ಹಿಂದೆ ಬಂತು, ನಿಂತಿತು. ಇದೇನು ಭೂಷಣ, ಡೈರೆಕ್ಟ್ ಕೊಟ್ಟೀಯೇನು? ಟೆಸ್ಟಿಗೆ ಅಂತ, ಈಗ ಬಿಚ್ಚತೀನಿ. ಅವನು ನಗಲಿಲ್ಲ. ಅವತ್ತು ನನ್ನ ಗಾಡಿಗೂ ಹಿಂಗ ಕೊಟ್ಟಿದ್ದೇನು? ಟಿಪ್ಪರ್ ಬರಲಿ, ಹಾರ್ನ್ ಹೊಡೆಯಲಿ, ಈಗ ಯಾಕೆ ಒಂದೂ ಬರುತ್ತಿಲ್ಲ, ಇಲ್ಲ ಅನ್ನು, ಹೌದು ಅನ್ನು, ಬೆರಳು ವಯರಿನ ಮೇಲಿದೆ, ತೆಗೆಯೋ ಮಾರಾಯ, ತೆಗೆಯುತ್ತಿಲ್ಲ, ಬೆರಳು ವಯರಿನ ಮೇಲೆ —