ಸಂತರ ಹರಾಜಿನಲ್ಲಿ ಕೊಂಡ ಕಾರು

ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವುದು ಎಲ್ಲರೂ ಮಾಡುವ ಕೆಲಸ. ಚಾಕುಣ್ಣಿ ಕಿವಿರು ನೋಡಿ, ಕಣ್ಣು ಒತ್ತಿ, ಹೊಟ್ಟೆ ಮೂಸಿ, ಆಮೇಲೆ ಮೀನಿನವಳ ಮುಖವನ್ನೂ ಒಂದು ಗಳಿಗೆ ನೋಡುತ್ತಿದ್ದ. ನಾಳೆ ಮಳೆ ಬರುತ್ತದೆ ಅಂತ ರೇಡಿಯೋದವರು ಹೇಳಿದರೆ, ‘ಇದರಲ್ಲಿ ಯಾರಿಗಪ್ಪಾ ಲಾಭ?’ ಅಂತ ಕೇಳುವ ಜಾತಿ. ಪುತ್ತನ್‌ಕೋಳ್ ಊರಿಗೆಲ್ಲ ಗೊತ್ತಿದ್ದ ಅನುಮಾನದ ಪ್ರಾಣಿ.

ಇಂಥವನು ಹಳೇ ಕಾರೊಂದನ್ನು ಬಾನೆಟ್ಟು ಕೂಡ ಎತ್ತಿ ನೋಡದೆ ಕೊಂಡ ಅಂದರೆ ನಂಬುತ್ತೀರಾ? ಕೊಂಡ. ಇಗರ್ಜಿಯ ಹರಾಜಿನಲ್ಲಿ ಕೊಂಡ.

ಕಾರು ಬೇಕಾಗಿದ್ದದ್ದು ಷೋಕಿಗಲ್ಲ. ಹೆಂಡತಿ ಕೊಚ್ಚುತ್ರೇಸ್ಯಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಬೆಳಗ್ಗೆ ಏಳಕ್ಕೆ ತ್ರಿಶ್ಶೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಂದು ಸಲ ತಪ್ಪಿದರೆ ಕಾಲು ಊದಿ ಉಸಿರು ಕಟ್ಟುತ್ತಿತ್ತು. ಆಟೋದಲ್ಲಿ ಕುಲುಕಿಸಿಕೊಂಡು ವಾಪಸು ಬರುವಾಗ ಪಾಪ, ದಾರಿಯುದ್ದಕ್ಕೂ ವಾಂತಿ.

ಹಬ್ಬದ ಮಾರನೇ ದಿನ ಇಗರ್ಜಿಯ ಅಂಗಳದಲ್ಲಿ ಸಂತ ಸೆಬಾಸ್ಟಿಯನ್ನರಿಗೆ ಭಕ್ತರು ಒಪ್ಪಿಸಿದ ಹುಂಜ, ಬಾಳೆಗೊನೆ, ಮೊಟ್ಟೆಗಳೆಲ್ಲ ಹರಾಜಾಗುತ್ತವೆ. ಅಲ್ಲಿ ಚೌಕಾಸಿ ಇಲ್ಲ, ಮುಟ್ಟಿ ನೋಡುವ ಹಾಗಿಲ್ಲ. ಸಂತರ ಮಾಲಿನ ರೆಕ್ಕೆ ಎತ್ತಿ ನೋಡಿದವನನ್ನು ಊರು ಒಂದು ವರ್ಷ ಆಡಿಕೊಳ್ಳುತ್ತದೆ. ಆ ವರ್ಷ ಇಗರ್ಜಿಯ ಆಸ್ತಿ ನೋಡಿಕೊಳ್ಳುವ ಕೈಕ್ಕಾರರು ಪಾದ್ರಿಗಳ ಹಳೇ ಬಿಳಿ ಕಾರನ್ನೂ ತೊಳೆದು, ಹಾರ ಹಾಕಿ, ಹುಂಜಗಳ ಪಕ್ಕದಲ್ಲಿ ನಿಲ್ಲಿಸಿದರು. ಪಾದ್ರಿಗಳು ಓಡಿಸಿದ ಗಾಡಿ! ಚಾಕುಣ್ಣಿ ಈ ಲೋಕದಲ್ಲಿ ನಂಬುತ್ತಿದ್ದ ಏಕೈಕ ವಸ್ತು ಪಾದ್ರಿಗಳ ಬಿಳಿ ನಿಲುವಂಗಿ.

‘ಒಂದು ಲಕ್ಷ ಹತ್ತು ಸಾವಿರ’ ಅಂತ ಕೂಗಿದಾಗ ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ತಿರುಗಿದರೆ ಮೆಕ್ಯಾನಿಕ್ ಸುಗತನ್.

“ಚೇಟ್ಟಾ, ಸಾಕು ಬಿಡಿ,” ಅಂತ ಕಿವಿಯಲ್ಲಿ ಉಸುರಿದ.

ಓಹೋ! ಮಗನೇ, ನಿನಗೂ ಇದರ ಮೇಲೆ ಕಣ್ಣಾ? ನಾನು ಬಿಟ್ಟರೆ ಅಗ್ಗಕ್ಕೆ ಹೊಡೆದು, ಬಣ್ಣ ಬಳಿದು ಮಾರುವ ಹುನ್ನಾರ! ಚಾಕುಣ್ಣಿ ಹತ್ತು ಸಾವಿರ ಏರಿಸಿದ. ಮತ್ತೆ ಅಂಗಿ ಜಗ್ಗಿತು, ಮತ್ತೆ ಹತ್ತು ಏರಿಸಿದ. ಮೂರನೇ ಸಲವೂ ಹಾಗೇ. ಒಂದು ಲಕ್ಷ ನಲವತ್ತಕ್ಕೆ ಗಂಟೆ ಹೊಡೆಯಿತು.

ಎರಡು ವಾರ ರಾಜಮರ್ಯಾದೆ. ಮೂರನೇ ವಾರ ಕಿಟಕಿಯ ಗಾಜು ತಾನಾಗಿ ಇಳಿಯಿತು. ಆಮೇಲೆ ಬ್ರೇಕು ಹಿಡಿದುಕೊಂಡಿತು, ಸೈಲೆನ್ಸರ್ ತುಕ್ಕು ತಿಂದು ಉದುರಿತು, ಬಲಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಆಡತೊಡಗಿತು. ಪೆಟ್ರೋಲು, ಇನ್ಶೂರೆನ್ಸು, ಟೈರು ಬೇರೆ. ಮೂಗಿಗಿಂತ ಮೂಗುತಿ ಭಾರ. ಪ್ರತಿ ಸಲವೂ ಗಾಡಿ ಸುಗತನ್‌ನ ಶೆಡ್ಡಿಗೆ, ಪ್ರತಿ ಸಲವೂ ಅವನು ತಲೆ ಕೆರೆದುಕೊಂಡು, “ವೈರೆಲ್ಲ ಹಸಿರು ಕಿಲುಬು ಚೇಟ್ಟಾ, ಏನ್ಮಾಡೋದು,” ಅನ್ನುವುದು.

“ಪಾದ್ರಿಗಳ ಕೈಲಿ ಎಂಟು ವರ್ಷ ಸುಮ್ನೆ ಓಡಿದ ಗಾಡಿ, ನಿನ್ನ ಶೆಡ್ಡಿಗೆ ಬಂದ್ಮೇಲೇ ಯಾಕೋ ಕೆಡುತ್ತೆ?”

ಸುಗತನ್ ಮುಖ ತಗ್ಗಿಸಿ ಸ್ಪ್ಯಾನರ್ ಒರೆಸತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ, ಅಂದುಕೊಂಡ ಚಾಕುಣ್ಣಿ. ಬಿಲ್ಲಿನಲ್ಲಿ ಕೂಲಿ ಇರಲಿಲ್ಲ, ಸಾಮಾನಿನ ದುಡ್ಡು ಮಾತ್ರ. ಅದು ಇನ್ನೂ ದೊಡ್ಡ ಅನುಮಾನಕ್ಕೆ ದಾರಿಯಾಯಿತು. ಕೂಲಿ ಬೇಡ ಅನ್ನುವ ಮೆಕ್ಯಾನಿಕ್ಕು ಭೂಮಿ ಮೇಲೆ ಉಂಟೇ? ಒಳ್ಳೇ ಸಾಮಾನು ಬಿಚ್ಚಿಕೊಂಡು ಗುಜರಿಯದನ್ನು ಹಾಕುತ್ತಿದ್ದಾನೆ, ಇನ್ನೇನು!

ಕ್ರಿಸ್ಮಸ್ ಗೋದಲಿಗೆ ಆಕಾಶ ಬಳಿದು ಉಳಿದ ನೀಲಿ ಬಣ್ಣ ಅಟ್ಟದ ಮೇಲಿತ್ತು. ಭಾನುವಾರ ಪೂಜೆ ಮುಗಿಸಿ ಬಂದವನೇ ಚಾಕುಣ್ಣಿ ಬಾನೆಟ್ಟು ಎತ್ತಿ, ಬ್ಯಾಟರಿಗೊಂದು, ಸ್ಟಾರ್ಟರಿಗೊಂದು, ಡೈನಮೋಗೊಂದು, ರೇಡಿಯೇಟರಿಗೊಂದು ಯಾರಿಗೂ ಕಾಣದ ಜಾಗದಲ್ಲಿ ನೀಲಿ ಚುಕ್ಕೆ ಇಟ್ಟ.

ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಕೊಚ್ಚುತ್ರೇಸ್ಯ ನೋಡುತ್ತಿದ್ದಳು. “ಏನ್ರೀ ಅದು, ಕಾರಿಗೆ ದೃಷ್ಟಿಬೊಟ್ಟಾ?”

“ನೀನು ಸುಮ್ನಿರು. ಕಳ್ಳನ್ನ ಹಿಡಿಯೋ ಬಲೆ.”

“ತಾ ಕಳ್ಳ ಪರರ ನಂಬ,” ಅಂದಳು ಅವಳು. ಏದುಸಿರಿನ ನಡುವೆಯೂ ನಾಲಿಗೆ ಮಾತ್ರ ಚುರುಕಾಗಿತ್ತು.

ಮುಂದಿನ ಸೋಮವಾರ ಗಾಡಿ ಸ್ಟಾರ್ಟ್ ಆಗಲಿಲ್ಲ. ಸುಗತನ್ ಬಂದು ಎಳೆದುಕೊಂಡು ಹೋಗಿ, ಸಂಜೆಯೊಳಗೆ ತಂದು ನಿಲ್ಲಿಸಿದ. “ನಾಳೆ ಚೇಚಿಗೆ ಆಸ್ಪತ್ರೆ ಅಲ್ವಾ, ಅದಕ್ಕೇ ಬೇರೆಲ್ಲ ಬಿಟ್ಟು ಮುಗಿಸ್ದೆ. ಬ್ಯಾಟರಿ ಇಳಿದಿತ್ತು, ಅಷ್ಟೇ,” ಅಂದ. ದುಡ್ಡು ಕೇಳಲಿಲ್ಲ. ಅವನು ಗೇಟು ದಾಟುವುದೇ ತಡ, ಚಾಕುಣ್ಣಿ ಟಾರ್ಚು ಹಿಡಿದು ಬಗ್ಗಿದ. ಬ್ಯಾಟರಿ, ಚುಕ್ಕೆ ಇದೆ. ಸ್ಟಾರ್ಟರ್, ಇದೆ. ಡೈನಮೋ...

ಇಲ್ಲ! ಚುಕ್ಕೆಯೇ ಇಲ್ಲ! ಎದೆ ಹೊಡೆದುಕೊಂಡಿತು. ನಿಜ ಹೇಳಬೇಕೆಂದರೆ ಅದು ಸಿಟ್ಟಿಗಿಂತ ಹೆಚ್ಚಾಗಿ ಸಂತೋಷ. ನಲವತ್ತು ವರ್ಷ ಎಲ್ಲರನ್ನೂ ಅನುಮಾನಿಸಿದವನಿಗೆ ಒಬ್ಬ ಕಳ್ಳ ಕೊನೆಗೂ ಸಿಕ್ಕಿದ್ದ.

ಮಂಗಳವಾರ ಆಸ್ಪತ್ರೆಗೆ ಹೋಗಿ ಬಂದ ಗಾಡಿ ಕೆಮ್ಮಲಿಲ್ಲ ಕೂಡ. ಅದು ಚಾಕುಣ್ಣಿಯ ಲೆಕ್ಕಕ್ಕೆ ಬರಲಿಲ್ಲ. ಬುಧವಾರ ಬೆಳಗ್ಗೆ ಟೀ ಅಂಗಡಿಯಲ್ಲಿ ಪುಟ್ಟು-ಕಡಲೆ ತಿನ್ನುತ್ತಿದ್ದ ಹತ್ತು ಜನರ ಮುಂದೆ ಸುಗತನ್‌ನ ಕಾಲರ್ ಹಿಡಿದ.

“ಕಳ್ಳ! ನನ್ನ ಡೈನಮೋ ಎಲ್ಲೋ? ಕಾಯಿಲೆ ಹೆಂಗಸು ಕೂರೋ ಗಾಡೀಲಿ ಕೈ ಹಾಕಿದ್ದೀಯಲ್ಲ, ನಿನ್ನ ಕೈಗೆ ಹುಳ ಬೀಳಾ!”

ಪಕ್ಕದ ಬೆಂಚಿನಲ್ಲಿ ಇಬ್ಬರು ಕೈಕ್ಕಾರರೂ ಟೀ ಕುಡಿಯುತ್ತಿದ್ದರು. ಅವರು ಸುಗತನ್‌ನನ್ನು ನೋಡಿದರು. ಇವನು ನೆಲ ನೋಡಿದ.

“ನಿಮ್ಮ ಹಳೇದೇ ವಾಪಸ್ ಹಾಕ್ಬೇಕಾ ಚೇಟ್ಟಾ?”

“ನನ್ನದೇ! ನೀಲಿ ಚುಕ್ಕೆ ಇರೋದು!”

“ಸರಿ,” ಅಂದ. ಮಧ್ಯಾಹ್ನದೊಳಗೆ ಹಾಕಿಕೊಟ್ಟ. ಆ ದಿನವೇ ಶೆಡ್ಡಿನಿಂದ ಮೂರು ಗಾಡಿಗಳನ್ನು ಅವುಗಳ ಯಜಮಾನರು ಬೇರೆ ಕಡೆಗೆ ಒಯ್ದರು.

ಶುಕ್ರವಾರ ಆರಕ್ಕೆ ಹೊರಟರು. ಕೋಳ್ ಅನ್ನುವ ಜೌಗು ಗದ್ದೆಗಳ ನಡುವಿನ ಏರಿಯ ಮೇಲೆ, ಮನೆಯಿಲ್ಲ ಮಠವಿಲ್ಲ, ಎರಡೂ ಕಡೆ ನೀರು. ಮೊದಲು ದೀಪ ಮಂಕಾಯಿತು, ಆಮೇಲೆ ಇಂಜಿನ್ನು ಎರಡು ಸಲ ಬಿಕ್ಕಿ ನಿಂತೇಬಿಟ್ಟಿತು. ಕೀಲಿ ತಿರುಗಿಸಿದರೆ ಟಿಕ್ ಅನ್ನುವ ಸದ್ದು ಮಾತ್ರ. ಹಿಂದಿನ ಸೀಟಿನಲ್ಲಿ ಕೊಚ್ಚುತ್ರೇಸ್ಯಳ ಉಸಿರು ಗರಗಸ ಎಳೆದ ಹಾಗೆ ಕೇಳುತ್ತಿತ್ತು. ನಿನ್ನೆಯಿಂದಲೇ ಪಾದ ಊದಿತ್ತು. ಚಾಕುಣ್ಣಿ ಫೋನು ಹಿಡಿದು ಯಾರಿಗೆ ಮಾಡಲಿ ಅಂತ ಯೋಚಿಸಿದ. ನಂಬುವಂಥ ಒಂದು ಹೆಸರೂ ಸಿಗಲಿಲ್ಲ. ದೇವರೇ, ಒಂದೂ ಇಲ್ಲ!

ಕೊಚ್ಚುತ್ರೇಸ್ಯ ಆಗಲೇ ತನ್ನ ಫೋನಿನಲ್ಲಿ ಮಾತಾಡಿ ಮುಗಿಸಿದ್ದಳು. “ಸುಗತನ್ ಬರ್ತಿದ್ದಾನೆ,” ಅಂದಳು.

“ಅವನಾ? ಅವನು ಯಾಕೆ ಬರ್ತಾನೆ?”

“ನಿಮ್ಮ ಹಾಗೆ ಕೇಳ್ತಾ ಕೂರೋ ಜಾತಿ ಅಲ್ಲ ಅವನು.”

ಇಪ್ಪತ್ತು ನಿಮಿಷದಲ್ಲಿ ಸುಗತನ್ ತನ್ನ ಭಾವನ ಆಟೋದಲ್ಲಿ ಬಂದ, ಮಡಿಲಲ್ಲಿ ಗೋಣಿಚೀಲ. ಕೊಚ್ಚುತ್ರೇಸ್ಯಳನ್ನು ಕೈಹಿಡಿದು ಆಟೋಗೆ ಹತ್ತಿಸಿದ. ಚಾಕುಣ್ಣಿ ಹತ್ತಲು ಹೋದಾಗ ಅವಳು ಕೈ ಅಡ್ಡ ಹಿಡಿದಳು. “ನೀವು ಇಲ್ಲೇ ಇದ್ದು ನೋಡ್ಕೊಳ್ಳಿ. ಅವನು ಇನ್ನೇನಾದ್ರೂ ಕದ್ದುಬಿಟ್ಟಾನು!” ಆಟೋ ಹೋಯಿತು.

ಸುಗತನ್ ಗೋಣಿಚೀಲದಿಂದ ಚಾರ್ಜ್ ಮಾಡಿದ ಬ್ಯಾಟರಿಯೊಂದನ್ನು ತೆಗೆದಿಟ್ಟು, ಆಮೇಲೆ ಡೈನಮೋ ತೆಗೆದ. ಚುಕ್ಕೆಯಿಲ್ಲದ್ದು. “ಇದು ನನ್ನದು, ಪೆಟ್ಟು ತಿಂದ ಗಾಡಿಯಿಂದ ಬಿಚ್ಚಿ ಇಟ್ಕೊಂಡಿದ್ದೆ. ನಿಮ್ಮದು ಕೊಳೆತು ಹೋಗಿದೆ, ಬ್ಯಾಟರಿಗೆ ಕರೆಂಟೇ ಕೊಡೋಲ್ಲ. ಹೇಳಿದ್ರೆ ನೀವು ನಂಬ್ತಿರ್ಲಿಲ್ಲ. ಅದಕ್ಕೇ ಹೇಳ್ದೆ ಹಾಕ್ದೆ.”

“ಯಾಕೋ ಕೊಳೀತು?”

ಸುಗತನ್ ಮುಂದಿನ ಬಾಗಿಲು ತೆಗೆದು, ಕಾಲಡಿಯ ಹಾಸು ಕಿತ್ತು ಎತ್ತಿದ. ಅಡಿಯಲ್ಲಿ ಒಣಗಿ ಬಿರಿದ ಕರಿ ಕೆಸರು, ಇದೇ ಕೋಳ್ ಗದ್ದೆಯದು.

“ದೊಡ್ಡ ನೆರೆ ವರ್ಷ ಈ ಗಾಡಿ ಇಗರ್ಜಿ ಶೆಡ್ಡಲ್ಲಿ ಮೂರು ದಿನ ಮುಳುಗಿತ್ತು. ತೊಳೆದು ಓಡೋ ಹಾಗೆ ಮಾಡಿದವನು ನಾನೇ. ಬಾಯಿ ಬಿಡಬೇಡ ಅಂದ್ರು ಕೈಕ್ಕಾರರು. ಅವರ ಗಾಡಿಗಳೂ ನನ್ನ ಹತ್ರಾನೇ ಬರೋದು, ಬಿಡ್ಲಿಲ್ಲ. ಅದು ನನ್ನ ತಪ್ಪು, ಕೂಲಿ ತಗೊಳ್ಳೋಕೆ ಮನಸ್ಸಾಗ್ಲಿಲ್ಲ. ಆದ್ರೆ ಸಂತರ ಹರಾಜಲ್ಲಿ ಮೈಕ್ ಹಿಡ್ಕೊಂಡು ಹೇಳೋಕಾಗುತ್ತಾ? ಅಂಗಿ ಜಗ್ಗಿದೆ ಚೇಟ್ಟಾ. ಮೂರು ಸಲ ಜಗ್ಗಿದೆ.”

ಚಾಕುಣ್ಣಿಗೆ ಮೂರೂ ಸಲ ನೆನಪಿತ್ತು. ಕೈ ತಾನಾಗಿ ಅಂಗಿಯ ಹಿಂಬದಿಗೆ ಹೋಯಿತು. ಏರಿಯ ಮೇಲೆ ಕುಕ್ಕರಿಸಿದ. ಸುಗತನ್ ಡೈನಮೋ, ಬ್ಯಾಟರಿ ಎರಡನ್ನೂ ಕೂರಿಸಿ ಬೋಲ್ಟು ಬಿಗಿದ. ಅಷ್ಟರಲ್ಲಿ ಫೋನು ಬಂತು. ಆಸ್ಪತ್ರೆ ತಲುಪಿದೆ, ಸೂಜಿ ಹಾಕಿದರು ಅಂದಳು ಕೊಚ್ಚುತ್ರೇಸ್ಯ. ಚಾಕುಣ್ಣಿಯ ಕಣ್ಣಲ್ಲಿ ನೀರು ಬಂತು.

“ಸುಗತಾ, ನಾಳೆ ಬೆಳಗ್ಗೆ ಟೀ ಅಂಗಡಿಗೆ ಬಾರೋ. ಯಾರ್ಯಾರ ಮುಂದೆ ನಿನ್ನ ಕಳ್ಳ ಅಂದೆನೋ, ಅವರೆಲ್ಲರ ಮುಂದೆ ನನ್ನದೇ ತಪ್ಪು ಅಂತ ಹೇಳ್ತೀನಿ.”

ಸುಗತನ್ ಕೈಯ ಗ್ರೀಸು ಒರೆಸಿಕೊಂಡು, ನೀಲಿ ಚುಕ್ಕೆಯ ಹಳೇ ಡೈನಮೋವನ್ನು ಚಾಕುಣ್ಣಿಯ ಮಡಿಲಲ್ಲಿ ಇಟ್ಟ.

“ಬೇಡ ಚೇಟ್ಟಾ, ಯಾರೂ ನಂಬೋಲ್ಲ. ನಾನೇ ದುಡ್ಡು ಕೊಟ್ಟು ಹೇಳಿಸ್ದೆ ಅಂತಾರೆ. ಊರಿಗೆ ಅನುಮಾನ ಕಲಿಸಿದವರು ನೀವೇ ಅಲ್ವಾ?” ಅಂದು ಕೀಲಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.