ತಾಮ್ರದ ಕೆನ್ನೆ

"ಅತ್ತಿಗೆ, ಅಣ್ಣಂಗೆ ತೊಡಿಸೋ ಕೋಟು ತಗೊಂಡು ಬನ್ನಿ, ಹೊರಡೋ ಹೊತ್ತಾಯ್ತು," ನಾದಿನಿ ಹೊರಗಿನಿಂದ ಕೂಗಿದಳು.

"ಬಂದೆ ಕಣೇ," ಎಂದಳು ಸತ್ತವನ ಹೆಂಡತಿ. ಬರುವುದೆಲ್ಲಿಂದ ಬಂತು! ಗಂಡನ ಕೋಟಿನ ಒಳಪದರದಲ್ಲಿ ಒಂದು ನಾಣ್ಯವಿಟ್ಟು ಹೊಲಿಯುತ್ತಿದ್ದಳು. ಅವಸರಕ್ಕೆ ಸೂಜಿ ಬೆರಳಿಗೇ ಚುಚ್ಚುತ್ತಿತ್ತು. ಇದೊಂದು ಅವನ ಜೊತೆಗೇ ಮಣ್ಣಾಗಿ ಹೋದರೆ ಸಾಕು. ಹೊರಗೆ ಮ್ಯೂಸಿಯಂನ ಸಾಹೇಬರು ಕೂತಿದ್ದಾರೆ. ಸಾಲದ್ದಕ್ಕೆ, ಹೆಣಕ್ಕೆ ಹೆಗಲು ಕೊಡಲು ಅಲ್ಲಿನ ಹಳೆಯ ವಾಚ್‌ಮನ್ ಬೇರೆ ಬಂದು ನಿಂತಿದ್ದಾನೆ. ಅವನಿಗೆ ಗೊತ್ತಾದರೆ?

*

ಗಂಡನದು ಮ್ಯೂಸಿಯಂನಲ್ಲಿ ಹಳೆಯ ನಾಣ್ಯ ತೊಳೆಯುವ ಕೆಲಸ. ಒಂದು ಸಂಜೆ ಮುಖ ಬಿಳಿಚಿಕೊಂಡು ಬಂದವನು ಮುಷ್ಟಿ ಬಿಚ್ಚಿದ್ದ.

"ರೋಮಿನ ಬೆಳ್ಳಿ ನಾಣ್ಯ ಕಣೇ. ಎರಡು ಸಾವಿರ ವರ್ಷ ಬಾಳಿದ್ದು ನನ್ನ ಕೈಲಿ ಹಾಳಾಯ್ತು. ಆಸಿಡ್ ಜಾಸ್ತಿಯಾಯ್ತೋ ಏನೋ."

ನಾಣ್ಯದ ಮೇಲಿನ ದೊರೆಯ ಕೆನ್ನೆಯ ಬೆಳ್ಳಿ ಸುಲಿದು ಕೆಂಪು ತಾಮ್ರ ಕಾಣುತ್ತಿತ್ತು.

"ಸಾಹೇಬ್ರಿಗೆ ಹೋಗಿ ಹೇಳ್ಬಿಡಿ."

"ಕೆಲಸ ಹೋಗತ್ತೆ. ನಾಳೆ ನೋಡೋಣ."

ನಾಳೆ ಅನ್ನುವಷ್ಟರಲ್ಲಿ ನಾಣ್ಯ ಕಳುವಾಯಿತೆಂದು ಗುಲ್ಲೆದ್ದು, ವಾಚ್‌ಮನ್ನನ ಕೆಲಸ ಹೋಯಿತು. "ಅವನು ಅಂಥವನಲ್ಲ," ಎಂದು ಗಂಡ ಎಲ್ಲರೆದುರು ಹೇಳಿದ. ಅಷ್ಟೇ ಹೇಳಿದ. ಆಮೇಲೆ ಬಾಗಿಲು ತಟ್ಟಿದ ಸದ್ದಾದರೆ ಸಾಕು, ಇಬ್ಬರಿಗೂ ಜೀವ ಬಾಯಿಗೆ ಬರುತ್ತಿತ್ತು.

*

"ಸಮಾಧಾನ ಮಾಡ್ಕೊಳ್ಳಮ್ಮಾ," ಸಾಹೇಬರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ಅಂಥ ಕೈ ಇನ್ನು ನಮಗೆ ಸಿಗಲ್ಲ."

ಅವಳಿಗೆ ತಡೆಯಲಾಗಲಿಲ್ಲ. ಹೊಲಿಗೆ ಕಿತ್ತು ನಾಣ್ಯವನ್ನು ಅವರ ಅಂಗೈಗೆ ಹಾಕಿದಳು. "ಕದ್ದಿದ್ದಲ್ಲ ಸಾರ್, ತೊಳೆಯೋವಾಗ ಹಾಳಾಯ್ತು. ಹೆಣ ಎತ್ತೋವರೆಗೆ ಪೊಲೀಸರನ್ನ ಕರೀಬೇಡಿ, ನಿಮ್ಮ ಕಾಲು ಹಿಡೀತೀನಿ."

ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಅವರೇನೂ ಹಾಳು ಮಾಡಿಲ್ಲಮ್ಮಾ. ಇದು ಆ ಕಾಲದಲ್ಲೇ ಖೋಟಾ. ತಾಮ್ರಕ್ಕೆ ಬೆಳ್ಳಿ ಹೊದಿಸಿ ಸಂತೇಲಿ ದಾಟಿಸ್ತಿದ್ರು. ಸಿಗೋದೇ ಅಪರೂಪ. ಹೇಳಿದ್ದಿದ್ರೆ ಬೆನ್ನು ತಟ್ಟಿರ್ತಿದ್ವಿ."

ಬೆನ್ನು ತಟ್ಟುತ್ತಿದ್ದರಂತೆ! ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಹಾಗಾದರೆ ಆ ಬಡಪಾಯಿಯ ಕೆಲಸ ಯಾವ ಕರ್ಮಕ್ಕೆ ಹೋಯಿತು? ಇದು ಅವನ ಕಿವಿಗೆ ಬಿದ್ದರೆ?

"ಅಕ್ಕಾ, ಕೋಟು ಕೊಡಿ," ಎನ್ನುತ್ತಾ ವಾಚ್‌ಮನ್ನೇ ಒಳಗೆ ಬಂದ. ಅತ್ತು ಅತ್ತು ಕಣ್ಣು ಊದಿತ್ತು. "ಅಣ್ಣಂಗೆ ನಾನೇ ತೊಡಿಸ್ತೀನಿ. ಊರೆಲ್ಲಾ ಕಳ್ಳ ಅಂದಾಗ ನನ್ನ ಪರ ನಿಂತಿದ್ದು ಅವರೊಬ್ರೇ."

ಸಾಹೇಬರು ಅವನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು.

ಅವಳು ಕೋಟನ್ನು ವಾಚ್‌ಮನ್ನನ ಕೈಗಿತ್ತು, ತನ್ನ ಎರಡೂ ಕೈಗಳಿಂದ ಸಾಹೇಬರ ಬೆರಳುಗಳನ್ನು ನಾಣ್ಯದ ಮೇಲೆ ಒಂದೊಂದಾಗಿ ಮಡಿಸಿದಳು.